ಬುಟ್ಟಿಯ ತಳದ ಎರಡು ಬೂತಾಯಿ

ಕಾಪುವಿನ ಅಕ್ಕು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮೀನಿನ ಬುಟ್ಟಿ ಹೇರಿಕೊಂಡು ಕಾರ್ಕಳಕ್ಕೆ ಬರುತ್ತಿದ್ದಳು. ಅವಳ ವ್ಯಾಪಾರದಲ್ಲಿ ಕೊನೆಯ ಮನೆ ನಮ್ಮದು. ನನ್ನ ಹೆಂಡತಿ ಸಿಸಿಲಿಯಾ ಬುಟ್ಟಿಯೊಳಗೆ ಇಣುಕಿ, ತಳದಲ್ಲಿ ಎಲೆ ಸುತ್ತಿಟ್ಟ ಎರಡು ಬೂತಾಯಿ ಮೀನನ್ನೇ ಕೇಳುತ್ತಿದ್ದಳು.

"ಅದು ಬೊಳ್ಳಿಯದ್ದು ಬಾಯಮ್ಮ, ಕೊಡಲಿಕ್ಕಿಲ್ಲ" ಎಂದು ಅಕ್ಕು ಬುಟ್ಟಿ ಎತ್ತುತ್ತಿದ್ದಳು. ಬೊಳ್ಳಿ ಅವಳ ಬೆಕ್ಕು. ಪೇಟೆಯವರೊಂದಿಗೆಲ್ಲ ಜಗಳ ಕಾಯುವ ಈ ಗಟ್ಟಿಗಿತ್ತಿ, ಒಂದು ಬೆಕ್ಕಿನ ಪಾಲನ್ನು ಹೀಗೆ ಜೋಪಾನ ಮಾಡುವುದು ನೋಡಿ ನಾವು ನಗುತ್ತಿದ್ದೆವು.

ನಾನು ದನದ ಆಸ್ಪತ್ರೆಯ ಕಂಪೌಂಡರ್ ಸ್ಟ್ಯಾನಿಸ್ಲಾಸ್. ಊರವರು ಕ್ರಿಸ್ತುವರನ್ನು ಕರೆಯುವ ರೂಢಿಯಂತೆ ಅಕ್ಕುವಿಗೆ ನಾನು 'ಪೊರ್ಬುಗಳು', ಸಿಸಿಲಿಯಾ 'ಬಾಯಮ್ಮ'. ಇಪ್ಪತ್ತು ವರ್ಷ ಎಮ್ಮೆಗಳ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಲ್ಲಿ ಮದ್ದು ಹೊಯ್ದವನು. ಬೆಕ್ಕಿನ ವಿಷಯದಲ್ಲಿ ನನಗೆ ತಿಳುವಳಿಕೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ.

೧೯೮೩ರ ಜನವರಿಯಲ್ಲಿ ಒಂದು ದಿನ ಅಕ್ಕು ಮೀನಿಲ್ಲದೆ ನೇರ ಆಸ್ಪತ್ರೆಗೆ ಬಂದಳು. ಬುಟ್ಟಿಯಲ್ಲಿ ಹಳೇ ಸೀರೆ, ಸೀರೆಯೊಳಗೆ ಬೊಳ್ಳಿ. ಹನ್ನೆರಡು ವರ್ಷದ ಮುದುಕಿ. ಹೊಟ್ಟೆಯ ಕೆಳಗೆ ಲಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ. ನಮ್ಮ ಡಾಕ್ಟರು ಒತ್ತಿ ನೋಡಿ, ಮೊಲೆಯ ಕ್ಯಾನ್ಸರ್ ಎಂದರು. ಕೊಯ್ದು ತೆಗೆಯಬಹುದು. ಆದರೆ ಈ ಪ್ರಾಯದಲ್ಲಿ ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟರೆ ಏಳುವುದೇ ಸಂಶಯ. ಎದ್ದರೆ ಒಂದು ವರ್ಷ ಸಿಕ್ಕೀತು. ಬಿಟ್ಟರೆ ಎರಡು ತಿಂಗಳು.

"ಯೋಚಿಸಿ ಹೇಳಿ. ಬಿಡುವುದಾದರೂ, ತೀರಾ ನರಳಿದರೆ ತನ್ನಿ. ಸೂಜಿ ಹಾಕಿ ಶಾಶ್ವತವಾಗಿ ಮಲಗಿಸುವ" ಎಂದು ಅವರು ಹೊರಗೆ ಕಟ್ಟಿದ್ದ ದನದ ಕಡೆ ಹೋದರು.

ಅಕ್ಕು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು.

"ನಮ್ಮವರಿಗೆ ಬಂದದ್ದೂ ಇದೇ ಅಲ್ವಾ, ಪೊರ್ಬುಗಳೇ?"

ಅವಳ ಗಂಡ ಕೂಸಪ್ಪನಿಗೆ ಎಂಟು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಬೊಳ್ಳಿಯನ್ನು ಅಂಗೈಯಷ್ಟು ಮರಿಯಾಗಿದ್ದಾಗ ಬಲೆಯ ರಾಶಿಯಿಂದ ಎತ್ತಿ ತಂದವನೂ ಅವನೇ. ಅಕ್ಕು ಅವನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಯವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು, ಜನ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆಯನ್ನೂ ಕೊಟ್ಟರು. ಕೊನೆಗೆ ಮಾತು ನಿಂತ ಮೇಲೆ ಕೂಸಪ್ಪ ಪಡುವಣ ಕಿಟಕಿಯತ್ತ ಕೈ ತೋರಿಸುತ್ತಿದ್ದನಂತೆ. ಆ ದಿಕ್ಕಿನಲ್ಲಿ ಕಡಲು, ಕಡಲ ಬದಿಯಲ್ಲಿ ಮನೆ. ಅಕ್ಕು ಪ್ರತಿದಿನ "ನಾಳೆ ಹೋಗುವ" ಎನ್ನುತ್ತಿದ್ದಳು. ಹದಿನೆಂಟು ದಿನ ಹಾಗೆ ಹೇಳಿದಳು. ಹತ್ತೊಂಬತ್ತನೆಯ ದಿನ ಅವನು ಅದೇ ಮಂಚದಲ್ಲಿ ತೀರಿಕೊಂಡ.

"ಬದುಕಿಸುವ ಆಸೆ ನನ್ನದು, ಸಂಕಟ ಅವರದ್ದು. ಈಗ ಇದನ್ನೂ ಕೊಯ್ಯಲಿಕ್ಕೆ ಮಲಗಿಸುವುದಾ? ಮಲಗಿಸದಿದ್ದರೆ ನಾನೇ ಕೊಂದ ಹಾಗೆ ಆಗುವುದಿಲ್ವಾ? ಎಂತ ಮಾಡಲಿ, ಹೇಳಿ."

ಅತ್ತ ದರಿ, ಇತ್ತ ಪುಲಿ. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ನನ್ನದೋ ಎಲುಬಿಲ್ಲದ ನಾಲಿಗೆ.

"ಕೊಯ್ಯುವುದು ಬೇಡ ಮಾರಾಯ್ತಿ. ಪ್ರಾಯ ಆಯಿತಲ್ಲ, ಮನೆಯಲ್ಲಿ ನಿನ್ನ ಹತ್ತಿರ ಆರಾಮವಾಗಿ ಸಾಯಲಿ" ಎಂದುಬಿಟ್ಟೆ.

ಅವಳ ಮುಖ ಸಡಿಲವಾಯಿತು. "ಅವರನ್ನು ಕರೆದುಕೊಂಡು ಹೋಗಲಿಲ್ಲ. ಇದನ್ನಾದರೂ ಮನೆಗೆ ಕರೆದುಕೊಂಡು ಹೋಗುತ್ತೇನೆ" ಎಂದು ಎದ್ದಳು.

ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಮನೆಯಲ್ಲೇ ಸಾಯಲಿ ಎಂದು ಎಷ್ಟು ಪ್ರಾಣಿಗಳನ್ನು ಹಾಗೆ ಕಳಿಸಿದ್ದೆನೋ! ಅವು ಆರಾಮವಾಗಿ ಸತ್ತವೋ ಇಲ್ಲವೋ ಎಂದು ಒಂದು ಮನೆಗಾದರೂ ಹೋಗಿ ನೋಡಿದವನಲ್ಲ.

ಒಂದು ತಿಂಗಳು ಅಕ್ಕು ಗೆಲುವಾಗಿಯೇ ಇದ್ದಳು. ಬೊಳ್ಳಿ ಗಂಜಿ ತಿಳಿ ಕುಡಿಯಿತು, ಬಿಸಿಲಿಗೆ ಮೈ ಒಡ್ಡಿತು ಎಂದು ವರದಿ ಒಪ್ಪಿಸುತ್ತಿದ್ದಳು. ಆಮೇಲೆ ವರದಿ ನಿಂತಿತು. ಸಿಸಿಲಿಯಾ ಕೆದಕಿ ಕೇಳಿದಾಗ ಗಡ್ಡೆ ಒಡೆದಿದೆ ಎಂದಳು.

"ಹಾಗಾದರೆ ತಾ, ಡಾಕ್ಟರು ಸೂಜಿ ಹಾಕುತ್ತಾರೆ" ಎಂದೆ.

"ಕೊಲ್ಲಲಿಕ್ಕೆ ಬಸ್ಸಿನಲ್ಲಿ ತರುವುದಾ? ಆರಾಮವಾಗಿ ಮನೆಯಲ್ಲೇ ಸಾಯಲಿ ಅಂತ ನೀವೇ ಹೇಳಿದ್ದಲ್ವಾ?" ನನ್ನ ಮಾತನ್ನು ನನಗೇ ತಿರುಗಿಸಿ ಕೊಟ್ಟು ಹೋದಳು.

ಮತ್ತೆ ಹತ್ತು ದಿನ ಅವಳ ಸುಳಿವಿಲ್ಲ. ಮಾರ್ಚ್ ತಿಂಗಳಲ್ಲಿ ಬಂದವಳು ಬುಟ್ಟಿ ಇಳಿಸದೆ, ನಿಂತಲ್ಲಿಂದಲೇ ಹೇಳಿದಳು.

"ಮುಗಿಯಿತು, ಪೊರ್ಬುಗಳೇ. ಕೊನೆಗೆ ಅದಕ್ಕೆ ಮನೆಯೇ ಬೇಡ ಆಗಿತ್ತು. ತೆವಳಿಕೊಂಡು ಹೋಗಿ ಕಡಲ ಬದಿಯಲ್ಲಿ ಕವುಚಿ ಹಾಕಿದ ಹಳೇ ದೋಣಿಯ ಅಡಿಯಲ್ಲಿ ಮಲಗುತ್ತಿತ್ತು. ಅಲ್ಲಿ ತಂಪು ಉಂಟು, ಕತ್ತಲೆ ಉಂಟು. ಮೂರು ಸಲ ಹೋಯಿತು. ಮೂರು ಸಲವೂ ಎತ್ತಿಕೊಂಡು ಬಂದೆ. ಆಮೇಲೆ ಬಾಗಿಲು ಹಾಕಿದೆ. ಬಾಗಿಲನ್ನು ಕೆರೆದು ಕೆರೆದು ಅಲ್ಲೇ ಸತ್ತಿತು."

ನಾನು ಸಮಾಧಾನದ ಮಾತು ಏನೋ ಆಡಲು ಹೊರಟೆ. ಅವಳು ಕೈ ಅಡ್ಡ ಹಿಡಿದಳು.

"ಅವರು ಮನೆಗೆ ಅಂದರು, ನಾನು ಕೇಳಲಿಲ್ಲ. ಇದು ಹೊರಗೆ ಅಂತು, ಆಗಲೂ ಕೇಳಲಿಲ್ಲ. ಇಬ್ಬರನ್ನೂ ನನ್ನ ಸಮಾಧಾನಕ್ಕೆ ಹಿಡಿದಿಟ್ಟುಕೊಂಡದ್ದು."

ಸಿಸಿಲಿಯಾ ಪಾತ್ರೆ ತಂದಳು. ಅಕ್ಕು ಬುಟ್ಟಿ ಇಳಿಸಿ ಮೀನು ಹಾಕಿದಳು. ತಳದಲ್ಲಿ ಎಲೆಯ ಪೊಟ್ಟಣವಿತ್ತು. ಮುಂಜಾನೆ ಕೈ ತನ್ನಷ್ಟಕ್ಕೆ ಕಟ್ಟಿಟ್ಟಿರಬೇಕು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಲೆ ಬಿಡಿಸಿ ಎರಡು ಬೂತಾಯಿಯನ್ನು ಪಾತ್ರೆಯ ಕಡೆ ಚಾಚಿದಳು.

"ತೆಗೆದುಕೊಳ್ಳಿ ಬಾಯಮ್ಮ."

ಇಷ್ಟು ವರ್ಷ ಅದಕ್ಕಾಗಿ ಹಟ ಮಾಡಿದ ಸಿಸಿಲಿಯಾ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು. ಅಕ್ಕು ಮೀನು ಹಿಡಿದುಕೊಂಡು ಹಾಗೇ ನಿಂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.