ಹದಿನೆಂಟು ತಿಂಗಳ ಲೆಕ್ಕ

ಅಕ್ಕನ ಲೆಕ್ಕ ತಪ್ಪು ಎಂದು ನನಗೆ ಅನ್ನಿಸಿತ್ತು. ಹೇಳಲಿಲ್ಲ. ಹತ್ತು ಜನರ ಮುಂದೆ ಮುಗ್ಗರಿಸಲಿ ಎಂದೇ ಬಾಯಿ ಮುಚ್ಚಿಕೊಂಡೆ.

ಅವಳು ಕ್ಲೆಮೆಂಟಿಯ ಹತ್ತಿರದ ಯೂನಿವರ್ಸಿಟಿಯಲ್ಲಿ ಡಾಕ್ಟರೇಟ್ ಮುಗಿಸಿ ಅಲ್ಲೇ ಕೆಲಸಕ್ಕಿದ್ದಳು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅದೇ ಊರಿನ ಜುರಾಂಗ್ ವೆಸ್ಟಿನ ಒಂದು ಕ್ಯಾಂಟೀನಿನಲ್ಲಿ ಸಾಂಬಾರು ಕುದಿಸುತ್ತಿದ್ದೆ. ಭಾನುವಾರ ಅವಳ ಬಾಡಿಗೆ ಮನೆಗೆ ಹೋದರೆ ಅಡುಗೆ ನನ್ನದೇ. ಅಷ್ಟು ಓದಿದವಳಿಗೆ ಸೀಯದಂತೆ ಒಗ್ಗರಣೆ ಹಾಕಲು ಬರುತ್ತಿರಲಿಲ್ಲ. ಅವಳ ಗೆಳೆಯರೂ ಅಷ್ಟೇ. ಚಂದ್ರನ ಕಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತು, ಉಂಡ ತಟ್ಟೆ ಎತ್ತುವ ಬುದ್ಧಿ ಇಲ್ಲ.

ಆ ಕಲ್ಲಿನಲ್ಲಿ ಕಬ್ಬಿಣ ಯಾವ ರೂಪದಲ್ಲಿದೆ ಎಂದು ನೋಡುವ ಪುಟ್ಟ ಸಲಕರಣೆ ಅವರದು. ಅದರೊಳಗೆ ಒಂದು ಚೂರು ವಿಕಿರಣ ವಸ್ತು. ಚಂದ್ರನಿಗೆ ಹೋಗುವ ಹೊರದೇಶದ ನೌಕೆಯಲ್ಲಿ ಅದಕ್ಕೆ ಜಾಗ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯ ಮುಂದೆ ಅಕ್ಕ ಮಾತಾಡಬೇಕಿತ್ತು. ಸಮಿತಿಯವರಲ್ಲಿ ಹಲವರು ವಿಜ್ಞಾನ ಓದದವರು. ಅದಕ್ಕೇ ಮೊದಲು ನನ್ನನ್ನು ಕೂರಿಸಿಕೊಂಡಳು.

"ನಿಂಗೆ ಅರ್ಥ ಆದ್ರೆ ಎಲ್ರಿಗೂ ಆಗತ್ತೆ ಕಣೋ."

ಆ ಮಾತು ಚುಚ್ಚಿತು. ಬೀನ್ಸ್ ಹೆಚ್ಚುತ್ತಾ ಕೇಳಿದೆ. ಒಂಬತ್ತು ತಿಂಗಳಿಗೆ ಆ ಚೂರಿನ ಶಕ್ತಿ ಅರ್ಧಕ್ಕೆ ಇಳಿಯುತ್ತದಂತೆ, ಒಂದು ಕಲ್ಲು ನೋಡಲು ಎರಡರಷ್ಟು ಹೊತ್ತು ಹಿಡಿಯುತ್ತದಂತೆ, ಆದರೂ ಸಲಕರಣೆ ಇಪ್ಪತ್ತೇಳು ತಿಂಗಳು ಬಾಳುತ್ತದಂತೆ. ಮನಸ್ಸಿನಲ್ಲೇ ನಕ್ಕೆ. ಒಂಬತ್ತಕ್ಕೆ ಅರ್ಧ ಹೋದರೆ ಹದಿನೆಂಟಕ್ಕೆ ಪೂರ್ತಿ ಖಾಲಿ. ಕೂಡಿಸಲೂ ಬಾರದ ಡಾಕ್ಟರು!

"ಅದು ಹೇಗೆ ಇಳಿಯತ್ತೆ ಅಂತ ತೋರ್ಸೋಕೆ ಇಲ್ಲೊಂದು ಚಿತ್ರ ಇದೆ. ಭಾಷಣಕ್ಕೆ ಬೇಕಾ?"

"ಬೇಡಕ್ಕ, ಎಲ್ಲಾ ಕ್ಲಿಯರ್ ಆಗಿದೆ. ಡಿಲೀಟ್ ಮಾಡು."

ಮಾಡಿದಳು.

ಭಾಷಣದ ದಿನ ರಜೆ ಹಾಕಿ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಅವಳು ಮುಗಿಸುತ್ತಿದ್ದಂತೆ ಮುಂದಿದ್ದ ಅಧಿಕಾರಿಯೊಬ್ಬ, ಮಾತಿನ ಕೊನೆಗೆ 'ಲಾ' ಸೇರಿಸುವ ಅಲ್ಲಿನವರ ಇಂಗ್ಲಿಷಿನಲ್ಲಿ ಕೇಳಿದ, "ಒಂಬತ್ತು, ಒಂಬತ್ತು, ಹದಿನೆಂಟು ಲಾ. ಆಮೇಲೆ ಡಬ್ಬಿಯಲ್ಲಿ ಏನಿರತ್ತೆ?"

ನನ್ನದೇ ಪ್ರಶ್ನೆ. ಅಕ್ಕ ಲ್ಯಾಪ್‌ಟಾಪಿನಲ್ಲಿ ಚಿತ್ರ ಹುಡುಕಿದಳು, ಡಿಲೀಟ್ ಮಾಡಿದ್ದು ನೆನಪಾಗಿ ತಡವರಿಸಿದಳು. ಯಾರೋ ನಕ್ಕರು. ನಾನೂ ನಕ್ಕೆ.

ನೌಕೆಯ ಜಾಗ ಬೇರೆಯವರಿಗೆ ಹೋಯಿತು. ಸುದ್ದಿ ಬಂದ ಸಂಜೆ ಅವಳ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಅಲ್ಲಿನವರು ವಾಯ್ಡ್ ಡೆಕ್ ಅನ್ನುವ ಕಡೆ, ಕಲ್ಲುಬೆಂಚಿನ ಮೇಲೆ ಅವಳು ಒಂದು ಟಿಶ್ಯೂ ಹರಿದಳು. ಅರ್ಧ. ಉಳಿದದ್ದರಲ್ಲಿ ಅರ್ಧ. ಮತ್ತೆ ಅದರಲ್ಲಿ ಅರ್ಧ, ಅಲ್ಲಿಗೆ ಇಪ್ಪತ್ತೇಳು ತಿಂಗಳು. ಅಂಗೈಯಲ್ಲಿ ಇನ್ನೂ ಒಂದು ಚೂರು ಇತ್ತು.

"ಇಷ್ಟಿದ್ರೂ ನಡೀತಿತ್ತು, ಸ್ವಲ್ಪ ಸ್ಲೋ ಆಗ್ತಿತ್ತು ಅಷ್ಟೆ. ನಿಂಗೇ ಅರ್ಥ ಆಗಿತ್ತಲ್ವಾ, ಅವ್ರಿಗ್ಯಾಕೋ ಆಗ್ಲಿಲ್ಲ."

"ಹೌದಕ್ಕ," ಎಂದೆ. ಅಷ್ಟಾದ ಮೇಲೂ ಹಾಗೆ ಅನ್ನಬಲ್ಲವನು ನಾನು. ಅವಳು ನೆಚ್ಚಿಕೊಂಡದ್ದು ಇಂಥ ಕ್ಷುದ್ರನನ್ನು.

ಮರುವರ್ಷ ಇನ್ನೊಂದು ಸಲಕರಣೆ, ಇನ್ನೊಂದು ಭಾಷಣ. ಅಡುಗೆಮನೆಗೆ ಅದೇ ಕುರ್ಚಿ ತಂದು ಹಾಕಿ, "ಕೂತ್ಕೋ, ನಿಂಗೆ ಅರ್ಥ ಆದ್ರೆ ಸಾಕು," ಎಂದಳು. ನಾನು ಚಾಕು ಕೆಳಗಿಟ್ಟೆ.

"ಅವತ್ತು ನಂಗೆ ಅರ್ಥ ಆಗಿರ್ಲಿಲ್ಲ ಅಕ್ಕ. ನಿನ್ ಲೆಕ್ಕಾನೇ ತಪ್ಪು ಅಂದ್ಕೊಂಡೆ. ಎಲ್ರೂ ನಿನ್ನ ನೋಡಿ ನಗ್ಲಿ ಅಂತ ಸುಮ್ನಿದ್ದೆ. ತಪ್ಪಾಯ್ತು ಅಕ್ಕ."