ಮೂರನೇ ಟ್ಯಾಂಕರಿನ ನೀರು

ಸೆಂಟ್ರಿಂಗ್ ಹಲಗೆ ಜಾರಬಹುದಿತ್ತು. ಮಿಕ್ಸರಿನ ಬೆಲ್ಟು ಹರಿಯಬಹುದಿತ್ತು. ಕಾಯ್ಕಿಣಿಯಿಂದ ಬರಬೇಕಾದ ಆಳುಗಳು ಮದುವೆ ಮನೆಯಲ್ಲೇ ಉಳಿದುಬಿಡಬಹುದಿತ್ತು, ಅಕಾಲದ ಮಳೆ ಹೊಡೆಯಬಹುದಿತ್ತು, ಯಾರಾದರೂ ಮೊಳೆ ತುಳಿಯಬಹುದಿತ್ತು, ಆ ಯಾರಾದರೂ ನಾನೇ ಆಗಿರಬಹುದಿತ್ತು. ಸ್ಲ್ಯಾಬು ಹಾಕುವ ದಿನ ಬೆಳಿಗ್ಗೆ ಇವನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಬರೆದದ್ದು ನಡೆಯುವುದಿಲ್ಲ ಎಂಬ ನಂಬಿಕೆ. ಐವತ್ತರ ಹತ್ತಿರ ಬಂದರೂ ಬಿಟ್ಟಿಲ್ಲ.

ಆ ಹೊತ್ತಿಗೆ ನಮ್ಮ ಸೂಪರ್‌ವೈಸರು ನೀರಿನ ಡ್ರಮ್ಮಿನ ಮುಂದೆ ನಿಂತಿರುತ್ತಿದ್ದರು. ಸಿಮೆಂಟು ತಿಂದು ಬಿರಿದ ಬೆರಳುಗಳಲ್ಲಿ ಒಂದು ಸ್ಟೀಲ್ ಲೋಟ. ಕಾಂಕ್ರೀಟಿಗೆ ಹಾಕುವ ನೀರನ್ನು ಬಾಯ್ತುಂಬ ತೆಗೆದುಕೊಂಡು, ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ನಿಂತು ನುಂಗುವರು. ಗಂಟಲ ಮಣಿ ಏರಿ ಇಳಿದ ಮೇಲೆಯೇ ಮಿಕ್ಸರು ಶುರು. ಒಮ್ಮೆ ನನ್ನ ಪಟ್ಟಿಯನ್ನು ಇಣುಕಿ ನೋಡಿ ಹೇಳಿದ್ದರು: “ಎಲ್ಲಾ ಬರ್ಕಂಡೆ ತಮಾ. ಉಪ್ಪೊಂದು ಬಿಟ್ಟೆ.”

ನಮ್ಮ ಕರಾವಳಿಯಲ್ಲಿ ಕಟ್ಟಡ ಕೊಲ್ಲುವುದು ಉಪ್ಪೇ. ಬೇಸಿಗೆಯಲ್ಲಿ ಬಾವಿ ಇಳಿದಂತೆ ಹೊಳೆಗೆ ಸಮುದ್ರ ಏರಿ ಬರುತ್ತದೆ. ಆ ನೀರಲ್ಲಿ ಕಲಸಿದರೆ ಒಳಗಿನ ಕಬ್ಬಿಣ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ. “ಕುಡಿಯೂಕೆ ಆಗದ್ದು ಕಟ್ಟೂಕೂ ಆಗೂದಿಲ್ಲ” ಎಂಬುದೊಂದೇ ಅವರ ಶಾಸ್ತ್ರ. ಕಾಗದದ ಮೇಲೆ ನಾನು ಇಂಜಿನಿಯರು, ಅವರು ಏಳನೇ ಇಯತ್ತೆ. ಸೈಟಿನಲ್ಲಿ ಅವರು ಹೂಂ ಎನ್ನದೆ ನಾನು ಟೇಪು ಬಿಚ್ಚುತ್ತಿರಲಿಲ್ಲ. ಭಟ್ಕಳದಿಂದ ಕುಮಟೆಗೆ ಬಸ್ಸಿನಲ್ಲಿ ಹೋಗುವಾಗ ತಾವು ನಿಂತು ಕಟ್ಟಿಸಿದ ಮೋರಿ, ಸಂಕ, ಆಸ್ಪತ್ರೆಗಳನ್ನು ನೆಂಟರಂತೆ ಗುರುತಿಸುವರು. ಇದು ಮಾವಳ್ಳಿ ಬಾವಿ ನೀರು ಕುಡಿದದ್ದು, ಅದು ಕಾಯ್ಕಿಣಿಯದ್ದು, ಗಟ್ಟಿ ಪಿಂಡ ಎಂದು.

ಅವರ ಸಿಟ್ಟು ದೊಡ್ಡದು. ಹೊನ್ನಾವರದ ಒಂದು ಸೈಟಿಗೆ ನಮ್ಮ ಧಣಿ, ಅಂದರೆ ನಮ್ಮಿಬ್ಬರಿಗೂ ಸಂಬಳ ಕೊಡುವ ಗುತ್ತಿಗೆದಾರ, ಹೊಳೆ ನೀರಿನ ಟ್ಯಾಂಕರು ಕಳಿಸಿ ತಾನೂ ಹಿಂದೆಯೇ ಬಂದ. ಇವರು ಲೋಟ ತುಂಬಿ, ಆಳುಗಳೆಲ್ಲ ನೋಡುತ್ತಿರುವಾಗ ಅವನ ಮುಂದೆ ಹಿಡಿದರು. “ಒಂದು ಗುಟುಕು ಕುಡೀರಿ. ನೀವು ಕುಡ್ದ್ರೆ ನಾ ಹಾಕ್ತೆ.” ಧಣಿ ಕುಡಿಯಲಿಲ್ಲ. ಟ್ಯಾಂಕರು ಚರಂಡಿಗೆ ಖಾಲಿಯಾಯಿತು. ಆ ಲೋಟವನ್ನು ಧಣಿ ಮರೆಯಲೂ ಇಲ್ಲ.

ಆಮೇಲೆ ಊರಿಗೆಲ್ಲ ಜ್ವರ ಬಂದ ವರ್ಷ ಅವರಿಗೂ ಬಂತು. ಜ್ವರ ಬಿಟ್ಟಿತು, ರುಚಿ ಮರಳಲಿಲ್ಲ. ಹೆಂಡತಿ ಮರೆತು ಎರಡು ಸಲ ಉಪ್ಪು ಹಾಕಿದ ಸಾರನ್ನು ಸುಮ್ಮನೆ ಉಂಡೆದ್ದರಂತೆ. ನನಗೊಬ್ಬನಿಗೇ ಹೇಳಿದರು. ನಿವೃತ್ತಿಗೆ ಒಂದೇ ವರ್ಷವಿತ್ತು. “ಅಲ್ಲೀವರೆಗೆ ನಿನ್ನ ನಾಲಿಗೆ ಕೊಡು ತಮಾ.” ಅಂದಿನಿಂದ ಮೊದಲು ನಾನು ಕುಡಿಯುವುದು, ಅವರು ಬಾಯ್ತುಂಬಿಕೊಂಡು ನನ್ನ ಮುಖ ನೋಡುವುದು, ನಾನು ಹೇಳಿದ ಮೇಲೆ ನುಂಗುವುದು.

ನದೀಮುಖದ ಹತ್ತಿರ ಎರಡು ಕೋಣೆಯ ಶಾಲೆ ಅವರ ಕೊನೆಯ ಕೆಲಸ. ಎರಡು ಟ್ಯಾಂಕರಿನಲ್ಲಿ ಸ್ಲ್ಯಾಬು ಮುಗಿಯಿತು. ಕಿಟಕಿಯೊಂದರ ಮೇಲೆ ಮಳೆ-ಬಿಸಿಲಿಗೆ ಚಾಚುವ ಸಜ್ಜಾ ಉಳಿದಿತ್ತು. ಮೂರನೇ ಟ್ಯಾಂಕರು ಬರುವ ಮೊದಲೇ ನನಗೆ ಧಣಿಯ ಫೋನು ಮೂರು ಸಲ ಬಂದಿತ್ತು: ಉದ್ಘಾಟನೆಗೆ ದಿನ ಗೊತ್ತಾಗಿದೆ, ಇವತ್ತು ನಿಲ್ಲಿಸಿದರೆ ನಾಳೆ ನೀನು ಬರುವುದು ಬೇಡ. ನಾನು ಕುಡಿದೆ. ಉಪ್ಪಿತ್ತು. ಹೆಚ್ಚಲ್ಲ, ಉಪ್ಪು ಹಾಕಿದ ಗಂಜಿತಿಳಿಯಷ್ಟು. ಒಂದು ಸಜ್ಜಾ ತಾನೆ ಎಂದುಕೊಂಡೆ.

ಸ್ಲ್ಯಾಬು ಇಂದಿಗೂ ಗಟ್ಟಿಯಾಗಿದೆ. ಸಜ್ಜಾಕ್ಕೆ ಮೂರು ಮಳೆಗಾಲದಲ್ಲಿ ಕಂದು ಗೆರೆ ಬಿತ್ತು, ನಾಲ್ಕನೆಯದರಲ್ಲಿ ಹಪ್ಪಳದಗಲದ ಒಂದು ಚಕ್ಕೆ ಕಳಚಿತು. ರಜೆಯ ದಿನ, ಕೆಳಗಿದ್ದ ದಾಸವಾಳದ ಕುಂಡದ ಮೇಲೆ. ಶಾಲೆಯಲ್ಲಿ ಸಭೆ ಸೇರಿತು. ನೀರು ನೋಡಿದ್ದು ಯಾರು ಎಂದು ಕೇಳಿದರು. ನಿವೃತ್ತರಾಗಿ ಮನೆಯಲ್ಲಿದ್ದ ಸೂಪರ್‌ವೈಸರನ್ನು ಅದಕ್ಕೆಂದೇ ಕರೆಸಿದ್ದರು. ಅವರು ಎದ್ದು, “ನಾನೇ ಕುಡ್ದದ್ದು. ಜ್ವರ ಬಂದ್ಮೇಲೆ ನಂಗೆ ರುಚಿ ಗೊತ್ತಾಗೂದಿಲ್ಲ” ಎಂದು ಕೂತರು. ಟ್ಯಾಂಕರು ಕಳಿಸಿದ ಧಣಿ ನಕ್ಕ. ಇಷ್ಟು ವರ್ಷ ನಮಗೆಲ್ಲ ನಾಟಕ ತೋರಿಸಿದನಲ್ಲ ಮುದುಕ ಎಂದ. ಸಭೆಯೂ ನಕ್ಕಿತು. ಆ ನಗು ಈಗಲೂ ನನ್ನ ಕಿವಿ ಸುಡುತ್ತದೆ. ನಕ್ಕವರ ಮೇಲಿನ ಸಿಟ್ಟು ಒಂದು ಪಾಲು, ಎರಡನೇ ಸಾಲಿನಲ್ಲಿ ಪೆನ್ನಿನ ಟೋಪಿ ಕಚ್ಚುತ್ತ ಕೂತಿದ್ದ ಇಂಜಿನಿಯರನ ಮೇಲಿನದು ಮೂರು ಪಾಲು.

ಸಭೆ ಮುಗಿಸಿ ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು. ಅವರು ಕೇಳಿದರು.

“ಆ ದಿನ ನಿಂಗೂ ಜ್ವರ ಇತ್ತಾ ತಮಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವರೇ ತೆರೆದುಕೊಟ್ಟ ಬಾಗಿಲು ಅದು. ಹಂಗಿಸಲು ಕೇಳಿದರೋ ಕನಿಕರದಿಂದಲೋ, ಇವತ್ತಿಗೂ ತಿಳಿಯದೆ ನನಗೆ ಅವರ ಮೇಲೂ ಸಿಟ್ಟು ಬರುತ್ತದೆ. ಇಲ್ಲ ಎಂದೆ.

“ಹಾಂಗಾರೆ ಬರ್ಕಾ” ಎಂದು ಬಸ್ಸು ಹತ್ತಿದರು.

ಮರುವಾರ ಮಾವಳ್ಳಿಯ ತಮ್ಮ ಮನೆ ಬಾವಿಯಿಂದ ಎಂಟು ಕ್ಯಾನು ನೀರನ್ನು ಗೂಡ್ಸ್ ರಿಕ್ಷಾದಲ್ಲಿ ತಂದು, ಸಜ್ಜಾ ಒಡೆಸಿ, ನಿಂತು ಹೊಸದು ಹಾಕಿಸಿದರು. ತಮ್ಮದೇ ಬಾವಿ, ಆದರೂ ಲೋಟವನ್ನು ನನ್ನ ಮುಂದೆ ಹಿಡಿದು “ಹೇಳು” ಎಂದರು. ಎರಡೂ ಕೈಯಲ್ಲಿ ಲೋಟ ಹಿಡಿದೆ. ಕುಡಿದು, ಇದ್ದದ್ದನ್ನೇ ಹೇಳಿದೆ. ಅವರು ಲೋಟ ಮತ್ತೆ ತುಂಬಿ ಪೂರ್ತಿ ಕುಡಿದರು. “ಆತು, ಶುರು ಮಾಡಿ.”

ಕಳೆದ ವರ್ಷ ತೀರಿಕೊಂಡರು. ಸಂತಾಪ ಸಭೆಯಲ್ಲಿ ಧಣಿ, ಚಿನ್ನದಂಥ ಮನುಷ್ಯ, ಕೊನೆಗೆ ನಾಲಿಗೆ ಕೈಕೊಟ್ಟಿತು ಅಷ್ಟೆ ಎಂದು ಹೇಳಿ ಕರ್ಚೀಫು ತೆಗೆದ. ನಾನು ಎದ್ದು ಮಾತಾಡಿದರೆ ಏನೇನಾಗಬಹುದೆಂದು ಮನಸ್ಸಿನಲ್ಲೇ ಹನ್ನೊಂದು ಅಂಶ ಎಣಿಸಿ, ಕೂತೇ ಇದ್ದೆ. ಈಗ ಬರೆಯುತ್ತಿದ್ದೇನೆ. ಧಣಿ ಓದಲಿ. ನಾಳೆ ಬರುವುದು ಬೇಡ ಎಂದರೆ ಹೋಗುವುದಿಲ್ಲ.

ಮೂರನೇ ಟ್ಯಾಂಕರು ಬಂದ ಆ ದಿನ ಸೆಂಟ್ರಿಂಗ್ ಜಾರಲಿಲ್ಲ. ಬೆಲ್ಟು ಹರಿಯಲಿಲ್ಲ. ಆಳುಗಳೆಲ್ಲ ಬಂದಿದ್ದರು, ಮಳೆ ಬರಲಿಲ್ಲ, ಯಾರ ಕಾಲಿಗೂ ಮೊಳೆ ಹೊಗಲಿಲ್ಲ. ಅವರು ಬಾಯ್ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ನನ್ನ ಮುಖ ನೋಡಿದರು. ನಾನು “ಸಪ್ಪೆ” ಎಂದೆ. ಅವರು ನುಂಗಿದರು.