ಬರೀ ನೋಡಿದ್ದಕ್ಕೆ

ಇಣುಕಿ ನೋಡುವುದು ನನ್ನ ಹುಟ್ಟುಗುಣ. ಜಯನಗರದಲ್ಲಿ ಎಲ್ಲೇ ರಸ್ತೆ ಅಗೆದಿರಲಿ, ಗುಂಡಿಯೊಳಗೆ ಕಣ್ಣು ಹಾಯಿಸದೆ ಮುಂದೆ ಹೋದವಳಲ್ಲ ನಾನು. ನೋಡಿದರೆ ಯಾರ ಗಂಟೇನು ಹೋಗುತ್ತದೆ ಎಂಬುದು ನನ್ನ ವಾದ.

ಹಿರಿಯರು ಇದನ್ನು ಒಪ್ಪುತ್ತಿರಲಿಲ್ಲ ಬಿಡಿ. ಹೊಸ ಮನೆಗೆ ಬೂದುಗುಂಬಳ ಕಟ್ಟಿದರು, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟಿಟ್ಟರು. ಆದರೆ ಅವರ ಲೆಕ್ಕದಲ್ಲೂ ದೃಷ್ಟಿ ತಾಗುವುದು ನೋಡಿಸಿಕೊಂಡವರಿಗೆ. ನೋಡಿದವರಿಗೇ ತಾಗುವ ದೃಷ್ಟಿಯನ್ನು ಕಂಡುಹಿಡಿದ ಕೀರ್ತಿ ಕಂಪ್ಯೂಟರಿನದು.

ನಮ್ಮ ಆಫೀಸಿನಲ್ಲಿ ಎಲ್ಲರೂ ಟರ್ಮಿನಲ್ ಎಂಬ ಕಪ್ಪು ಕಿಟಕಿಯ ಮುಂದೆ ಕೂರುವವರು. ನಾವು ಅದರಲ್ಲಿ ಆಜ್ಞೆ ಟೈಪ್ ಮಾಡುತ್ತೇವೆ, ಅದು ಪಾಲಿಸುತ್ತದೆ. ಈಚೆಗೆ ಆ ಸಾಫ್ಟ್‌ವೇರಿನಲ್ಲೊಂದು ದೋಷ ಬಯಲಾಯಿತು. ಯಾರೋ ಕಳಿಸಿದ ಫೈಲನ್ನು ಅದರಲ್ಲಿ ತೆರೆದು ನೋಡಿದರೆ ಸಾಕು, ಅಕ್ಷರಗಳ ನಡುವೆ ಅಡಗಿಸಿಟ್ಟ ಆಜ್ಞೆಗಳನ್ನು ನಾವೇ ಕೊಟ್ಟೆವೆಂದು ನಂಬಿ ನಡೆಸಿಬಿಡುತ್ತದೆ. ಪಾಪ, ಅಷ್ಟು ವಿಧೇಯ.

ಇದಕ್ಕೆ ಸಿಕ್ಕಿಬಿದ್ದವನು ನನ್ನ ಪಕ್ಕದ ಸೀಟಿನ ಬಸವರಾಜ. ಗದಗದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಗ್ರಾಹಕರ ಹೆಸರಿನಲ್ಲಿ ಯಾರೋ "ಒಂದ್ಸಲ ನೋಡಿ" ಎಂದು ಫೈಲ್ ಕಳಿಸಿದರು, ನೋಡಿದ. ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಏನೋ ಶುರುಮಾಡಿತು. ಅವನು ನೆಟ್‌ವರ್ಕಿನ ವೈರ್ ಕಿತ್ತುಹಾಕಿ, ತಾನೇ ಹೋಗಿ ಮ್ಯಾನೇಜರಿಗೆ ಹೇಳಿದ. ಅವನ ಮುಖ ನೋಡಿ ನಾನೂ ಹಿಂದೆಯೇ ಹೋದೆ.

"ಬರೇ ನೋಡೀನ್ರಿ ಸರ್," ಎನ್ನುತ್ತಿದ್ದ ಬಸವರಾಜ.

"ಕಂಡೋರು ಕಳ್ಸಿದ್ದನ್ನೆಲ್ಲ ನೋಡೋರನ್ನ ಹೇಗ್ರೀ ಇಟ್ಕೊಳ್ಳೋದು?" ಮ್ಯಾನೇಜರ್ ಕೆಂಡವಾಗಿದ್ದರು.

"ನೋಡಿ ಅಂತ ಕಳ್ಸಿದ್ರೆ ಯಾರಾದ್ರೂ ನೋಡ್ತಾರೆ, ಬಿಡಿ ಸಾರ್," ಎಂದೆ ನಾನು.

"ಬುದ್ಧಿ ಇರೋರು ನೋಡಲ್ಲ ಮೇಡಂ." ಹೀಗೆಂದು ಗದರಿ, ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡು ತಮ್ಮ ಕಪ್ಪು ಕಿಟಕಿ ತೆರೆದರು. "ನಂಗೂ ಬಂದಿದೆ ಆ ಫೈಲು. ಅಂಥಾದ್ದೇನಿದೆ ಅದ್ರಲ್ಲಿ? ಇರಿ, ನೋಡೇಬಿಡ್ತೀನಿ."

ಬಸವರಾಜ ಮೇಜಿನ ಮೇಲೆ ಬಾಗಿ ಅವರ ಕೈ ಹಿಡಿದುಕೊಂಡ. "ಬ್ಯಾಡ್ರಿ ಸರ್, ನೋಡಬ್ಯಾಡ್ರಿ."

ಅವರ ಬೆರಳು ಆಗಲೇ ಎಂಟರ್ ಕೀ ಮೇಲಿತ್ತು. ಅವರು ಬೆರಳನ್ನು ನೋಡಿದರು, ಅವನನ್ನು ನೋಡಿದರು, ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಬೇರೆಯದೇ ದನಿಯಲ್ಲಿ, "ನಾಳೆಯಿಂದ ಹೊಸಬ್ರಿಗೆಲ್ಲ ಇದನ್ನ ನೀವೇ ಹೇಳ್ಕೊಡಿ ಬಸವರಾಜ್," ಎಂದರು.

ಕೆಲಸ ಉಳಿಯಿತು. ಬುದ್ಧಿ ಇರುವವರೂ ನೋಡುತ್ತಾರೆ ಕಣ್ರೀ. ಕೈ ಹಿಡಿಯುವವರೊಬ್ಬರು ಪಕ್ಕದಲ್ಲಿರಬೇಕು, ಅಷ್ಟೇ.